ಎರಡು ಗೆರೆ ಎಳೆದ ಫಟಫಟಿ

ನಮ್ಮ ಓಣಿಯಲ್ಲಿ ಹುಟ್ಟಿದ ಮೊದಲ ಮೋಟಾರ್ ಸೈಕಲ್ಲಿನ ಕಾರಖಾನೆಯಲ್ಲಿ ನಾನು ಏಕಕಾಲಕ್ಕೆ ಮೂರು ಹುದ್ದೆಗಳನ್ನು ಅಲಂಕರಿಸಿದ್ದೆ. ಇಂಗ್ಲಿಷ್ ಅಕ್ಷರ ಓದಲು ಬರುತ್ತಿದ್ದುದರಿಂದ ಮುಖ್ಯ ಎಂಜಿನಿಯರ್. ನಾನು ಹಿಂದಿನ ಹಲಗೆಯ ಮೇಲೆ ಕೂತರೆ ಗಾಲಿ ಪುಟಿಯುವುದಿಲ್ಲ ಎಂದು ಗೊತ್ತಾದ ಮೇಲೆ ಭಾರದ ಮೂಟೆ. ಕೊನೆಗೆ, ತಂದೆ ಮಗನ ನಡುವೆ ಬಿದ್ದ ಪಂದ್ಯಕ್ಕೆ ಪಂಚ. ಈ ಮೂರಕ್ಕೂ ಸಂಬಳವಿರಲಿಲ್ಲ. ಸಂಬಳವಿದ್ದ ನಾಲ್ಕನೆಯ ಕೆಲಸವೆಂದರೆ ಬಾಗಲಕೋಟೆಯ ಒಂದು ಕನ್ನಡ ಸಾಲೆಯಲ್ಲಿ ಮಕ್ಕಳಿಂದ ಮಗ್ಗಿ ಹೇಳಿಸುವುದು. ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಕಾರಖಾನೆಯ ಮಾಲೀಕ ನನ್ನ ಗೆಳೆಯ, ಪಕ್ಕದ ಮನೆಯ ಟಾಂಗಾ ಕಟ್ಟುವ ಮುಸಲ್ಮಾನರ ಮಗ. ಅವನ ಮುತ್ತಜ್ಜನ ಕಾಲದಿಂದ ಆ ಮನೆಯ ಮುಂದಿನ ತಗಡಿನ ಛಪ್ಪರದಲ್ಲಿ ಟಾಂಗಾ ಗಾಲಿಗಳು ಹುಟ್ಟುತ್ತಿದ್ದವು. ಅವನ ತಂದೆಯನ್ನು ಊರೆಲ್ಲ ಉಸ್ತಾದರು ಎನ್ನುತ್ತಿತ್ತು. ನನಗೆ ಅವರು ಕಾಕಾ. ರೈಲ್ವೆ ಸ್ಟೇಶನ್ನಿನಿಂದ ಇಳಕಲ್ಲಿನವರೆಗೆ ಓಡಾಡುವ ಟಾಂಗಾಗಳಲ್ಲಿ ಅವರ ಕೈ ಮುಟ್ಟದ ಗಾಲಿ ಅಪರೂಪ. ಓಣಿಯಲ್ಲಿ ಟಾಂಗಾ ಹಾದುಹೋದರೆ ತಲೆ ಎತ್ತದೆ, ಬರೀ ಸಪ್ಪಳ ಕೇಳಿ, ಅದು ತಮ್ಮದೋ ಬೇರೆಯವರದೋ ಎಂದು ಹೇಳುತ್ತಿದ್ದರು. ಬೇರೆಯವರದಾಗಿದ್ದರೆ ಇನ್ನೊಂದೆರಡು ಮಾತು ಸೇರಿಸುತ್ತಿದ್ದರು. ಅವು ಮುದ್ರಣಕ್ಕೆ ಯೋಗ್ಯವಲ್ಲ.

ಇಂಥ ಮನೆಗೆ ಎಂಜಿನ್ನು ಬಂದದ್ದು ಬಾದಾಮಿಯಿಂದ. ಮೊದಲನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಗುಹೆಗಳನ್ನು ನೋಡಲೆಂದು ಒಬ್ಬ ಇಂಗ್ಲಿಷ್ ದೊರೆ ಮೋಟಾರ್ ಸೈಕಲ್ಲಿನ ಮೇಲೆ ಬಂದ. ಗುಹೆಗಳು ಸಾವಿರಕ್ಕೂ ಹೆಚ್ಚು ವರ್ಷದಿಂದ ಅಲ್ಲೇ ಕಾಯುತ್ತಿದ್ದವು, ಇನ್ನರ್ಧ ತಾಸು ಕಾಯಲು ಅವಕ್ಕೆ ಅಡ್ಡಿಯಿರಲಿಲ್ಲ. ಆದರೂ ದೊರೆ ಅವಸರ ಮಾಡಿ ಕೆರೆಯ ದಂಡೆಯಲ್ಲಿ ಒಂದು ಎಮ್ಮೆಗೆ ಹೋಗಿ ಗುದ್ದಿದ. ಎಮ್ಮೆ ಎದ್ದು ನೀರಿಗೆ ಇಳಿಯಿತು. ಮೋಟಾರ್ ಸೈಕಲ್ಲು ಏಳಲಿಲ್ಲ. ಅದರ ಚೌಕಟ್ಟು ಮಡಚಿ, ಹಿಂದಿನ ಗಾಲಿ ಹಪ್ಪಳವಾಗಿತ್ತು. ಆ ದಿನ ಬಾದಾಮಿಯಲ್ಲಿ ಟಾಂಗಾ ಬಾಡಿಗೆ ಹೊಡೆಯುತ್ತಿದ್ದ ನನ್ನ ಗೆಳೆಯ ದೊರೆಯನ್ನು ಸ್ಟೇಶನ್ನಿಗೆ ಮುಟ್ಟಿಸಿದ. ರೈಲು ಹತ್ತುವಾಗ ದೊರೆ ಮುರಿದ ಗಾಡಿಯ ಕಡೆಗೊಮ್ಮೆ, ಇವನ ಕಡೆಗೊಮ್ಮೆ ಕೈಮಾಡಿದ. ನೀನೇ ಇಟ್ಟುಕೋ ಎಂದು ಅದರ ಅರ್ಥವೋ, ಇದನ್ನು ನನ್ನ ಕಣ್ಣೆದುರಿನಿಂದ ತೆಗೆ ಎಂದೋ, ನಾವು ಹೆಚ್ಚು ಚರ್ಚೆ ಮಾಡಲಿಲ್ಲ. ಎರಡೂ ಅರ್ಥದಲ್ಲಿ ಎಂಜಿನ್ನು ಬಾಗಲಕೋಟೆಗೇ ಬರಬೇಕಾಗಿತ್ತು.

ಅದಕ್ಕೊಂದು ದೇಹ ಬೇಕಲ್ಲ. ಎರಡು ಹಳೆಯ ಸೈಕಲ್ಲುಗಳ ಚೌಕಟ್ಟನ್ನು ಕಮ್ಮಾರನ ಕುಲುಮೆಯಲ್ಲಿ ಕೂಡಿಸಿ ಒಂದು ಗಟ್ಟಿ ಚೌಕಟ್ಟು ಮಾಡಿದೆವು. ಮುಂದಿನ ಗಾಲಿ ದೊರೆಯದೇ. ಹಿಂದಿನದನ್ನು ಗೆಳೆಯ ಹೊಸದಾಗಿ ಕಟ್ಟಿ ತಾನೇ ಕೂಡಿಸಿದ. ಎಂಜಿನ್ನಿನ ಬದಿಗೆ ಒಂದು ಸಣ್ಣ ರಾಟಿ, ಹಿಂದಿನ ಗಾಲಿಗೆ ಅಂಟಿಕೊಂಡು ಒಂದು ದೊಡ್ಡ ರಾಟಿ, ಎರಡರ ನಡುವೆ ಚರ್ಮದ ಪಟ್ಟಾ. ಎಂಜಿನ್ನು ಪಟ್ಟಾವನ್ನು ಎಳೆಯಬೇಕು, ಪಟ್ಟಾ ಗಾಲಿಯನ್ನು ಎಳೆಯಬೇಕು, ಗಾಲಿ ನಮ್ಮಿಬ್ಬರನ್ನು ಎಳೆಯಬೇಕು. ಕಲೆಕ್ಟರರಿಂದ ಹಿಡಿದು ತಳವಾರನವರೆಗೆ ಸರಕಾರ ನಡೆಯುವುದೂ ಹೀಗೆಯೇ ಆದ್ದರಿಂದ ನನಗೆ ಈ ಯಂತ್ರ ಬೇಗ ಅರ್ಥವಾಯಿತು. ಎಲ್ಲೋ ಒಂದು ಕಡೆ ಪಟ್ಟಾ ಜಾರುತ್ತದೆ ಎಂಬುದು ಆಮೇಲೆ ಅರ್ಥವಾಯಿತು.

ಹುಬ್ಬಳ್ಳಿಯಿಂದ ರೈಲಿನಲ್ಲಿ ಪೆಟ್ರೋಲ್ ಡಬ್ಬಿ ತರಿಸಿದೆವು. ಮೊದಲ ದಿನ ಗೆಳೆಯ ಪೆಡಲು ತುಳಿದ, ನಾನು ಹಿಂದಿನಿಂದ ನೂಕಿ ಹಲಗೆಗೆ ಹಾರಿದೆ, ಎಂಜಿನ್ನು ಒಮ್ಮೆ ಕೆಮ್ಮಿ ಬಾಯಿ ಬಿಟ್ಟಿತು. ಆ ಸಪ್ಪಳವನ್ನು ನಾನು ಇವತ್ತಿಗೂ ಮರೆತಿಲ್ಲ. ಕೋಳಿಗಳು ಮಾಳಿಗೆ ಏರಿದವು. ನಮಾಜಿಗೆ ಹೊರಟಿದ್ದ ಹಿರಿಯರೊಬ್ಬರು ಗೋಡೆಗೆ ಒರಗಿದರು. ನಮ್ಮ ತಾಯಿ ಕೈಯಲ್ಲಿ ಸಾರಿನ ಸೌಟು ಹಿಡಿದುಕೊಂಡೇ ಹೊರಗೆ ಬಂದು, ಅದು ತೊಟ್ಟಿಕ್ಕುವುದನ್ನು ಮರೆತು ನೋಡಿದಳು. ಫಟ್ ಫಟ್ ಫಟ್ ಎಂದು ಓಣಿ ದಾಟಿದೆವು, ಬಾವಿ ದಾಟಿದೆವು, ಎದೆಯೊಳಗೂ ಅದೇ ಫಟ್ ಫಟ್. ಅಷ್ಟರಲ್ಲಿ ಪಟ್ಟಾ ರಾಟಿಯಿಂದ ಹಾರಿ ನನ್ನ ಮೀನಖಂಡಕ್ಕೆ ಬಾರಿಸಿತು. ಗಾಡಿ ನಿಂತಿತು.

ಪಟ್ಟಾ ಹಾಕಿದೆವು. ಮತ್ತೆ ಹಾರಿತು. ವೇಗ ಬಂದಾಗಲೆಲ್ಲ ಹಾರಿತು. ಇದರ ಕಾರಣದ ಬಗ್ಗೆ ಓಣಿಯಲ್ಲಿ ಗಂಭೀರ ವಿಚಾರಣೆ ನಡೆಯಿತು. ಚರ್ಮ ಹಸಿ ಎಂದರು. ಒಣಗಿದ ಚರ್ಮದ್ದು ಹೊಲಿಸಿದೆವು. ಹೊಲಿಗೆ ಉಬ್ಬಿದೆ ಎಂದರು; ಕೆತ್ತಿಸಿದೆವು. ದೃಷ್ಟಿ ತಗುಲಿದೆ ಎಂದರು. ಗೆಳೆಯನ ತಾಯಿ ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಕಡೆಗೆ ತಪ್ಪು ನನ್ನ ಕೊಡೆಯ ಮೇಲೆ ಬಂತು. ನಾನು ಅದನ್ನು ಯಾವಾಗಲೂ ಎಡಗೈಯಲ್ಲಿ ಹಿಡಿಯುತ್ತಿದ್ದೆ, ಭಾರ ಎಡಕ್ಕೆ ವಾಲುತ್ತದೆ ಎಂದಾಯಿತು. ಮುಖ್ಯ ಎಂಜಿನಿಯರನಾಗಿ ಈ ವಾದದಲ್ಲಿ ಹುರುಳಿದೆ ಎಂದು ನಾನೇ ಒಪ್ಪಿ, ಕೊಡೆಯನ್ನು ಬಲಗೈಗೆ ಬದಲಿಸಿದೆ. ಪಟ್ಟಾ ಹಾರಿತು.

ಛಪ್ಪರದಲ್ಲಿ ಟಾಂಗಾಗಳ ಕೆಲಸ ನಿಂತಿತ್ತು. ಕಾಕಾ ಒಂದು ಸಂಜೆ ಮರ ಕೆತ್ತುವ ಬಾಚಿಯನ್ನು ಕೆಳಗಿಟ್ಟು, ಮಗನನ್ನೂ ನನ್ನನ್ನೂ ಕರೆದರು. ನನ್ನೆದುರಿಗೆ ಅವರು ಮಗನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಬೈಯುವುದಕ್ಕೆ ಮಾತ್ರ ಮನೆಯ ಉರ್ದು.

"ಈ ಐತವಾರ ನಾ ಇಳಕಲ್ಲಿಗೆ ಮಗಳ ಮನಿಗೆ ಹೊಂಟೇನಿ. ಟಾಂಗಾದಾಗ," ಎಂದರು. "ನೀ ನಿನ್ನ ಫಟಫಟಿ ಮ್ಯಾಲ ಬಾ. ನನಕಿಂತ ಮೊದಲ ಆಕಿ ಬಾಗಲಕ್ಕ ಮುಟ್ಟಿದಿ ಅಂದ್ರ, ಈ ಛಪ್ಪರದಾಗ ಅರ್ಧಾ ನಿಂದು. ಏನರ ಮಾಡ್ಕೊ, ನಾ ಕೇಳೂದಿಲ್ಲ."

"ಮುಟ್ಟಲಿಲ್ಲ ಅಂದ್ರ?" ಗೆಳೆಯ ಕೇಳಿದ.

"ಎಂಜಿನ್ ಗುಜರಿಗೆ. ನೀ ಬಾಚಿಗೆ. ಮತ್ತ ಅದರ ಸುದ್ದಿ ಎತ್ತಬಾರದು."

ಎಂಜಿನ್ನು ಬಂದ ದಿನದಿಂದ ಗೆಳೆಯ ಬೇರೆ ಮನುಷ್ಯನಾಗಿದ್ದ. ಊಟದ ಹೊತ್ತಿನಲ್ಲೂ ರೊಟ್ಟಿಯನ್ನು ರಾಟಿ ಮಾಡಿ ತಿರುಗಿಸುತ್ತಿದ್ದ. ಗಾಲಿಗಳ ಮನೆಯಲ್ಲಿ ಹುಟ್ಟಿ, ಕುದುರೆಯಿಲ್ಲದೆ ಓಡುವ ಗಾಲಿಯನ್ನು ಒಮ್ಮೆ ಕಂಡವನಿಗೆ ಮತ್ತೆ ಬರೀ ಬಾಚಿ ಹಿಡಿ ಎಂದರೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಆದರೂ ಆತ, "ಆಗ್ಲಿ ಅಬ್ಬಾ," ಎಂದ.

"ಮಾಸ್ತರ ಪಂಚ," ಕಾಕಾ ನನ್ನ ಕಡೆ ಬೆರಳು ಮಾಡಿದರು. "ಅಂವ ಸುಳ್ಳು ಹೇಳಂಗಿಲ್ಲ. ಹೇಳಾಕ ಧೈರ್ಯ ಸಾಲೂದಿಲ್ಲ ಅವಂಗ."

ಈ ಪ್ರಶಸ್ತಿಪತ್ರವನ್ನು ನಾನು ವಿನಯದಿಂದ ಸ್ವೀಕರಿಸಿದೆ.

ಭಾನುವಾರ ಬೆಳಕು ಹರಿಯುತ್ತಲೇ ಎರಡೂ ಗಾಡಿಗಳು ಒಟ್ಟಿಗೆ ಹೊರಟವು. ಕಾಕಾ ಬಿಳಿ ರುಮಾಲು ಸುತ್ತಿ, ಹೊಸ ಬಣ್ಣದ ಟಾಂಗಾದಲ್ಲಿ ಕೂತಿದ್ದರು. ಊರ ಹೊರಗಿನ ಇಳಿಜಾರಿನಲ್ಲಿ ನಾವು ಅವರನ್ನು ಹಿಂದೆ ಹಾಕಿದೆವು. ಗಾಳಿ ನನ್ನ ಟೊಪ್ಪಿಗೆಯನ್ನು ಎತ್ತಿ ಒಯ್ದಿತು. ಟೊಪ್ಪಿಗೆಗಾಗಿ ನಿಲ್ಲುವ ಕಾಲ ಅದಲ್ಲ ಎಂದು ನಾನೇ ಕೂಗಿ ಹೇಳಿದೆ. ಎರಡೂ ಕಡೆ ಕಪ್ಪು ಮಣ್ಣಿನ ಎರಿಹೊಲ, ನಡುವೆ ಮುರುಮಿನ ರಸ್ತೆ, ನಮ್ಮ ಮುಂದೆ ಯಾರೂ ಇಲ್ಲ. ಬದುಕಿನಲ್ಲಿ ಯಾವುದಕ್ಕೂ ಮುಂದಿರದ ನನಗೆ ಇದು ಹೊಸ ಅನುಭವ.

ಪಟ್ಟಾ ಹಾರಿತು. ಹಾಕುವಷ್ಟರಲ್ಲಿ ಟಾಂಗಾ ಬಂತು. ಕಾಕಾ ಲಗಾಮು ಎಳೆದು, ಸ್ಟೇಶನ್ನಿನಲ್ಲಿ ಗಿರಾಕಿಗಳನ್ನು ಕರೆಯುವ ಧ್ವನಿಯಲ್ಲೇ ಕರೆದರು.

"ಏನ್ರಿ ಸಾಹೇಬ್ರ, ಇಳಕಲ್ಲಿಗೇನು? ಸೀಟ್ ಖಾಲಿ ಐತಿ, ಬರ್ರಿ."

"ಬ್ಯಾಡ್ರಿ," ಎಂದ ಮಗ, ತಲೆ ಎತ್ತದೆ.

"ಕುದರಿ ಛಲೋ ಐತ್ರಿ. ಎಲ್ಲೂ ಪಟ್ಟಾ ಬಿಡೂದಿಲ್ಲ." ಟಾಂಗಾ ಮುಂದೆ ಹೋಯಿತು.

ಹೀಗೆ ನಾವು ಅವರನ್ನು ಹಿಂದೆ ಹಾಕುವುದು, ನಿಲ್ಲುವುದು, ಅವರು ಬಂದು ಅತ್ಯಂತ ಮರ್ಯಾದೆಯಿಂದ ಸೀಟು ಕೊಡಲು ಬರುವುದು, ಮುಂದೆ ಹೋಗುವುದು. ಹೊತ್ತು ಏರಿದಂತೆ ಅವರ ಮರ್ಯಾದೆಯೂ ಏರಿತು. ಒಮ್ಮೆ "ಸರಕಾರ್" ಎಂದರು. ಇನ್ನೊಮ್ಮೆ ಪಂಚರಿಗೆ ಬಾಡಿಗೆ ಮಾಫಿ ಎಂದರು. ಗೆಳೆಯ ಹಲ್ಲು ಕಚ್ಚಿಕೊಂಡು ಪಟ್ಟಾ ಎಳೆಯುತ್ತಿದ್ದ. ಅವನ ಬೆರಳುಗಳ ಚರ್ಮ ಸುಲಿದಿತ್ತು.

ಕಮತಗಿಯ ಹತ್ತಿರ ಮಲಪ್ರಭೆಯನ್ನು ದಾಟಬೇಕು. ನೀರು ಮೊಣಕಾಲಿನಷ್ಟಿತ್ತು. ನಾವು ಗಾಡಿಯನ್ನು ಹೆಣ ಎತ್ತಿದಂತೆ ಎತ್ತಿ ದಾಟಿಸಿದೆವು. ಕಾಕಾ ಆಗಲೇ ದಾಟಿ, ಆಚೆ ದಂಡೆಯಲ್ಲಿ ಕುದುರೆಗೆ ಹುಲ್ಲು ಹಾಕಿ, ಜಾಲಿಯ ನೆರಳಿನಲ್ಲಿ ರೊಟ್ಟಿಯ ಗಂಟು ಬಿಚ್ಚಿದ್ದರು. ಅವರ ಮುಂದೆಯೇ ನಾವು ಎಂಜಿನ್ನು ಹೊತ್ತಿಸಿ ಹೊರಟೆವು. ಏರು ಮುಗಿದು, ಧೂಳು ಹಿಟ್ಟಿನಂತೆ ನುಣ್ಣಗಿದ್ದ ಒಂದು ಸಮ ದಾರಿ ಬಂತು. ಅಲ್ಲಿಯೂ ಪಟ್ಟಾ ಹಾರಿತು.

ಈ ಸಲ ಗೆಳೆಯ ಅದನ್ನು ಎತ್ತಿಕೊಳ್ಳಲಿಲ್ಲ. ರಸ್ತೆಯ ಬದಿಗೆ ಕುಕ್ಕರಿಸಿ ಕೂತ. "ಮುಗೀತಲೇ ಮಾಸ್ತರ," ಎಂದ. "ಪಟ್ಟಾ ಹಿಂಗ ಹಾರ್ಕೋತ ಹೋದ್ರ ನಾವು ಹುನಗುಂದ ಮುಟ್ಟೂದ್ರಾಗ ಅಬ್ಬಾ ಇಳಕಲ್ಲಿನಾಗ ಊಟಾ ಮಾಡಿ ಮಲಗಿರ್ತಾರ."

ಸಮಾಧಾನದ ಮಾತು ಹುಡುಕುತ್ತಿದ್ದೆ. ಆಗ ನಮ್ಮ ಹಿಂದಿನಿಂದ ಒಬ್ಬ ಮನುಷ್ಯ ಸೈಕಲ್ಲಿನ ಮೇಲೆ ಬಂದ. ಊರೂರಿಗೆ ಹೋಗಿ ಮಕ್ಕಳಿಗೆ ಸಿಡುಬು ಬರದಂತೆ ದೇವಿ ಚುಚ್ಚುವ ಸರಕಾರಿ ನೌಕರ. ಹ್ಯಾಂಡಲಿಗೆ ಅವನ ಪೆಟ್ಟಿಗೆ ತೂಗುತ್ತಿತ್ತು. ನಮ್ಮ ಗಾಡಿಯನ್ನು ನೋಡಿದ, ನಮ್ಮನ್ನು ನೋಡಿದ, ಚುಚ್ಚುವ ವಯಸ್ಸು ದಾಟಿದವರು ಎಂದು ಖಾತ್ರಿಯಾದ ಮೇಲೆ ಮುಂದೆ ಹೋದ.

ಗೆಳೆಯ ಅವನ ಬೆನ್ನನ್ನು ನೋಡಲಿಲ್ಲ. ಅವನ ಹಿಂದೆ ಧೂಳಿನಲ್ಲಿ ಉಳಿದದ್ದನ್ನು ನೋಡುತ್ತಿದ್ದ. ನಿಧಾನವಾಗಿ ಎದ್ದು ನಿಂತ.

"ಮಾಸ್ತರ. ಅವನ ಸೈಕಲ್ಲಿಗೆ ಗಾಲಿ ಎಷ್ಟು?"

"ಎರಡು," ಎಂದೆ. ಬಿಸಿಲು ತಲೆಗೇರಿತೆಂದು ನನಗೆ ಭಯವಾಯಿತು.

"ನಮ್ಮದಕ್ಕ?"

"ಎರಡು."

"ಮತ್ತ ಅವಂದು ಒಂದ ಗೆರಿ ಬಿದ್ದೈತಿ. ನಮ್ದ್ಯಾಕ ಎರಡು?"

ನೋಡಿದೆ. ಸೈಕಲ್ಲು ಹಾದುಹೋದ ಕಡೆ ಒಂದೇ ಗೆರೆ. ನಾವು ಬಂದ ದಾರಿಯಲ್ಲಿ ಪಕ್ಕಪಕ್ಕಕ್ಕೆ ಎರಡು ಗೆರೆ, ಎಷ್ಟು ದೂರ ನೋಡಿದರೂ ಎರಡು. "ಗಾಡಿ ಅಂದಮ್ಯಾಲ ಎರಡು ಗೆರಿ ಬೀಳತಾವಲ್ಲೋ," ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ಕೇಳಿಸಿತು, ನಾನು ಏನು ಹೇಳಿದೆ ಎಂದು.

ಈ ಎರಡು ಗೆರೆಗಳನ್ನು ನಮ್ಮ ಓಣಿಯವರೆಲ್ಲ ದಿನಾ ನೋಡಿದ್ದರು. ಹೆಂಗಸರು ಬೆಳಿಗ್ಗೆ ಅವುಗಳ ಮೇಲೆ ನೀರು ಚಿಮುಕಿಸಿ ಕಸ ಹೊಡೆದಿದ್ದರು. ಸ್ವತಃ ಕಾಕಾ ಒಮ್ಮೆ, ಗಾಡಿ ಹೆಂಗರ ಇರಲಿ, ಗೆರಿ ಚಂದ ಬೀಳತಾವು ಎಂದಿದ್ದರು. ಚಕ್ಕಡಿ ಎರಡು ಗೆರೆ ಎಳೆಯುತ್ತದೆ, ಟಾಂಗಾ ಎರಡು ಗೆರೆ ಎಳೆಯುತ್ತದೆ. ನಮ್ಮ ಊರಿನ ಹಾದಿಗಳೆಂದರೇ ಎರಡು ಗೆರೆ. ಹಿಂದೆ ಮುಂದೆ ಗಾಲಿಯಿರುವ ಗಾಡಿ ನೆಟ್ಟಗೆ ಹೋದರೆ ಒಂದರ ಹೆಜ್ಜೆಯಲ್ಲಿ ಇನ್ನೊಂದು ಬೀಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ನಮ್ಮ ಫಟಫಟಿ ಇಷ್ಟು ದಿನವೂ ಏಡಿಯ ಹಾಗೆ ಓರೆಯಾಗಿ ಓಡುತ್ತಿತ್ತು, ಮತ್ತು ನಾವು ಅದರ ಮೇಲೆ ಕೂತು ನೇರ ಮುಂದೆ ನೋಡುತ್ತಿದ್ದೆವು.

ಗೆಳೆಯ ಆಗಲೇ ಹಿಂದಿನ ಗಾಲಿಯ ಹತ್ತಿರ ಅಂಗಾತ ಬಿದ್ದಿದ್ದ. "ತಗಡು," ಎಂದ ಕೆಳಗಿನಿಂದ. "ತಗಡು ಇಟ್ಟೇನಲೇ ನಾನ."

ಟಾಂಗಾದ ಗಾಲಿಯನ್ನು ಯಾರೂ ನೆಟ್ಟಗೆ ಕೂಡಿಸುವುದಿಲ್ಲ. ಅಚ್ಚಿನ ತುದಿ ಜೋಳದ ಕಾಳಿನಷ್ಟು ಕೆಳಗೆ, ಜೋಳದ ಕಾಳಿನಷ್ಟು ಮುಂದೆ ಬಾಗಿರಬೇಕು. ಆಗ ಗಾಲಿ ಕೊಂಚ ವಾಲಿ, ತಗ್ಗು ದಿನ್ನೆಯ ಹಾದಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಕಾಕಾ ಇದನ್ನು ಮಗನಿಗೆ ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ, ಫಟಫಟಿಯ ಹಿಂದಿನ ಗಾಲಿಯನ್ನು ಕೂಡಿಸುವಾಗಲೂ ಅವನ ಕೈ ತಾನಾಗಿಯೇ ಒಂದು ತಗಡಿನ ಚೂರನ್ನು ಅಚ್ಚಿನ ಎಡತುದಿಯ ಹಿಂದೆ ಸೇರಿಸಿತ್ತು. ಮನಸ್ಸಿಗೆ ಹೇಳದೆ ಕೈ ಮಾಡಿದ ಕೆಲಸ. ಗಾಲಿಯ ಮೂತಿ ಒಂದು ಕಡೆ ತಿರುಗಿತ್ತು. ಪಟ್ಟಾ ಪಾಪ, ನೆಟ್ಟಗಿದ್ದ ಸಣ್ಣ ರಾಟಿಯಿಂದ ಸೊಟ್ಟಗಿದ್ದ ದೊಡ್ಡ ರಾಟಿಗೆ ಎಷ್ಟು ಹೊತ್ತು ಹೊಂದಿಕೊಂಡೀತು.

ಅಷ್ಟರಲ್ಲಿ ಟಾಂಗಾ ಬಂತು. ಕಾಕಾ ಲಗಾಮು ಎಳೆದರು.

"ಏನ್ ಹುಡಕಾಕತ್ತೀರ್ರಿ ಸಾಹೇಬ್ರ? ಬಂಗಾರ ಬಿದ್ದೈತೇನು?"

"ಅಬ್ಬಾ, ಇಳೀರಿ. ಈ ಗಾಲಿ ಹೆಂಗ ಕೂತೈತಿ ನೋಡ್ರಿ."

ಮಗನ ಧ್ವನಿಯಲ್ಲಿ ಏನಿತ್ತೋ, ಅವರು ಇಳಿದರು. ಒಂದು ಕಣ್ಣು ಮುಚ್ಚಿ ಬಾಗಿ ನೋಡಿದರು. "ಚಂದ ಕೂತೈತಿ. ನಾ ಕಲಿಸಿದಂಗ ಐತಿ."

"ಅದ ತಪ್ಪ ಆಗೇತಿ."

ಕಾಕಾ ಉರ್ದುವಿಗೆ ಹೋದರು. ಸಾಕಷ್ಟು ಹೊತ್ತು ಅಲ್ಲಿದ್ದರು. ಅವರು ಉಸಿರು ತೆಗೆದುಕೊಂಡಾಗ ಮಗ ಧೂಳಿನ ಗೆರೆಗಳ ಕಡೆ ಕೈ ತೋರಿಸಿದ. ಒಂದು ಗೆರೆ. ಎರಡು ಗೆರೆ.

ಕಾಕಾ ನೋಡಿದರು. ರುಮಾಲು ಸರಿಸಿ ಹಣೆ ಒರೆಸಿಕೊಂಡರು. ನಮ್ಮ ಎರಡು ಗೆರೆಗಳ ನಡುವೆ ಒಂದಿಷ್ಟು ದೂರ ನಡೆದುಹೋಗಿ, ತಿರುಗಿ ಬಂದರು. ಬರುವಾಗ ಅವರ ನಡಿಗೆ ಬೇರೆಯಾಗಿತ್ತು. ಪಂದ್ಯ ಕಟ್ಟಿದವರ ನಡಿಗೆಯಲ್ಲ, ರಿಪೇರಿಗೆ ಬಂದ ಗಾಡಿಯ ಸುತ್ತ ತಿರುಗುವವರದು.

"ಟಾಂಗಾದಾಗ ಎರಡು ಗಾಲಿ," ಎಂದರು, ತಮಗೆ ತಾವೇ ಹೇಳಿಕೊಂಡಂತೆ. "ಒಂದು ಆ ಕಡೆ ಎಳದ್ರ ಇನ್ನೊಂದು ಈ ಕಡೆ ಎಳೀತೈತಿ. ಎರಡೂ ಜಗಳಾಡ್ಕೋತ ನೆಟ್ಟಗ ಹೋಗ್ತಾವು. ಇದರಾಗ ಜಗಳಾ ಆಡಾಕ ಎದುರಿಗೆ ಇನ್ನೊಂದ ಎಲ್ಲೈತಿ?"

"ಇಲ್ಲ," ಎಂದ ಮಗ.

"ತಗಡು ತಗಿ."

ಇಲ್ಲಿ ಪಂಚನಾದ ನನಗೆ ಒಂದು ಧರ್ಮಸಂಕಟ ಎದುರಾಯಿತು. ಪಂದ್ಯದಲ್ಲಿ ಒಬ್ಬರು ಎದುರಾಳಿಯ ಗಾಡಿಯನ್ನು ರಿಪೇರಿ ಮಾಡಬಹುದೋ ಹೇಗೋ? "ಕಾಕಾ, ನೀವು ಕೈ ಹಚ್ಚಿದ್ರ ಷರತ್ತು—" ಎಂದು ಶುರು ಮಾಡಿದೆ.

"ನಿನ್ನ ಷರತ್ತು ಹಾಳಾಗ್ಲಿ ಮಾಸ್ತರ. ನಮ್ಮ ಛಪ್ಪರದಾಗಿನ ಗಾಲಿ ಸೊಟ್ಟ ಓಡತೈತಿ ಅಂತ ಇಲ್ಲಿಂದ ಇಳಕಲ್ ತನಕಾ ನೆಲದ ಮ್ಯಾಲ ಬರಕೋತ ಹೋಗ್ಲೇನು? ನಾಳಿ ಸಂತಿ. ಸಾವಿರ ಮಂದಿ ಓದ್ತಾರ ಅದನ್ನ."

ಅಭ್ಯಂತರವಿಲ್ಲ ಎಂದು ತೀರ್ಪು ಕೊಟ್ಟೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಕಾಕಾ ಟಾಂಗಾದ ಸೀಟಿನ ಕೆಳಗಿನಿಂದ ಹತ್ಯಾರದ ಚೀಲ ತಂದರು. ಅದರಲ್ಲಿ ಬಡಿಗರು ಗೆರೆ ಹೊಡೆಯುವ ನೂಲಿನ ಉಂಡೆ ಇತ್ತು. ಗಾಡಿಯನ್ನು ನಾನು ನೆಟ್ಟಗೆ ಹಿಡಿದು ನಿಂತೆ. ನನ್ನ ಬದುಕಿನಲ್ಲಿ ಅಷ್ಟು ಅಲುಗಾಡದೆ ನಾನು ಪ್ರಾರ್ಥನೆಗೂ ನಿಂತಿಲ್ಲ. ತಂದೆ ಹಿಂದಿನ ಗಾಲಿಯ ಹಿಂದೆ ಮಂಡಿಯೂರಿ ನೂಲಿನ ಒಂದು ತುದಿ ಹಿಡಿದರು, ಮಗ ಮುಂದಿನ ಗಾಲಿಯ ಮುಂದೆ ಇನ್ನೊಂದು ತುದಿ ಹಿಡಿದ. ನೂಲು ಹಿಂದಿನ ಗಾಲಿಯ ಒಂದು ಬದಿಯಲ್ಲಿ ಹಿಂದು ಮುಂದಿನ ಎರಡೂ ಅಂಚಿಗೆ ಮುಟ್ಟಿ, ಮುಂದಿನ ಗಾಲಿಯ ಪಕ್ಕಕ್ಕೆ ಹಾದುಹೋಗಬೇಕು.

"ಮುಂದಿನದಕ್ಕೂ ಮುಟ್ಟಲೇನು?" ಮಗ ನೂಲನ್ನು ಒಳಗೆ ಎಳೆದ.

"ಮುಟ್ಟಬ್ಯಾಡ. ಮುಂದಿನದು ತೆಳ್ಳಗ ಐತಿ, ಹಿಂದಿನದು ದಪ್ಪ. ಈ ಕಡೆ ಎಷ್ಟು ಸಂದಿ ಬಿಡತೈತಿ, ಆ ಕಡೀನೂ ಅಷ್ಟ ಬಿಡಬೇಕು. ದಂಟು ತಾ ಮಾಸ್ತರ. ಹಾಂ, ನೀ ಅಲುಗಾಡಬ್ಯಾಡ. ನಾ ತರ್ತೇನಿ."

ಅವರೇ ಹೊಲದಿಂದ ಒಂದು ಜೋಳದ ದಂಟು ಮುರಿದು, ಸೀಳಿ, ಒಂದು ಕಡೆಯ ಸಂದಿಗೆ ಸರಿಯಾಗಿ ಕೂಡುವಂತೆ ಕೆತ್ತಿದರು. ನೂಲನ್ನು ಇನ್ನೊಂದು ಬದಿಗೆ ಹಿಡಿದು ಅದೇ ಚೂರನ್ನು ಅಲ್ಲಿ ಇಟ್ಟು ನೋಡಿದರೆ ಅಲ್ಲಿ ಹೆಬ್ಬೆರಳು ತೂರುವಷ್ಟು ಜಾಗ. ಮಗ ನಟ್ಟು ಸಡಿಲಿಸಿ, ತಗಡಿನ ಚೂರು ಕಿತ್ತು, ಅಚ್ಚನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಹೆಚ್ಚಾಯಿತು. ವಾಪಸ್ ತಟ್ಟಿದ. ತಂದೆ, "ಇನ್ನೊಂದು ಕೂದಲು," ಎಂದರು. ತಟ್ಟಿದ. "ಅರ್ಧಾ ಕೂದಲು." ತಟ್ಟಿದ. ದಂಟಿನ ಚೂರು ಎರಡೂ ಕಡೆ ಒಂದೇ ರೀತಿ ನಿಂತಿತು. ಕುದುರೆ ಸೀನಿತು.

ಅಲ್ಲಿಗೆ ಮುಗಿಯಲಿಲ್ಲ. ಗಾಲಿ ನೆಟ್ಟಗಾದ ಮೇಲೆ ಪಟ್ಟಾದ ಸಾಲು ಕೆಟ್ಟಿತು. ದೊಡ್ಡ ರಾಟಿಯನ್ನು ನಾವು ಸೊಟ್ಟ ಗಾಲಿಗೆ ಹೊಂದಿಸಿದ್ದೆವಲ್ಲ. ತಪ್ಪಿನ ಮೇಲೆ ಅತ್ಯಂತ ಪ್ರಾಮಾಣಿಕವಾಗಿ ಇನ್ನೊಂದು ತಪ್ಪು ಕಟ್ಟಿದ್ದೆವು. ಗೆಳೆಯ ನೆಲಕ್ಕೆ ಕೆನ್ನೆ ಹಚ್ಚಿ ಪಟ್ಟಾದ ಉದ್ದಕ್ಕೂ ನೋಡಿ, "ದೊಡ್ಡ ರಾಟಿ ಎಡಕ್ಕ ಸರೀಬೇಕು. ಒಂದು ಬಿಲ್ಲಿ ಅಷ್ಟು," ಎಂದ. ಅಚ್ಚಿಗೆ ಹಾಕುವ ಕಬ್ಬಿಣದ ಬಿಲ್ಲೆ ನಮ್ಮ ಹತ್ತಿರ ಇರಲಿಲ್ಲ. ಕಾಕಾ ಚೀಲ ಸುರಿದು, ಟಾಂಗಾಕ್ಕೆಂದು ಇಟ್ಟಿದ್ದ ಬಿಲ್ಲೆಗಳಲ್ಲಿ ಒಂದೊಂದನ್ನೇ ಉಗುರಿನಿಂದ ಅಳೆದು, ಒಂದನ್ನು ಮಗನ ಅಂಗೈಗೆ ಇಟ್ಟರು. ಗಾಲಿಗೂ ರಾಟಿಗೂ ನಡುವೆ ಅದು ಕೂತಿತು. ರಾಟಿ ಸರಿಯಿತು. ಗೆಳೆಯ ಮತ್ತೆ ಕೆನ್ನೆ ನೆಲಕ್ಕೆ ಹಚ್ಚಿದ. ಅವನ ತಂದೆ, ಐವತ್ತು ದಾಟಿದವರು, ಬಿಳಿ ರುಮಾಲಿನವರು, ಅವನ ಪಕ್ಕದಲ್ಲೇ ಇನ್ನೊಂದು ಕೆನ್ನೆ ಹಚ್ಚಿದರು. ಹಾದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಯಾರಿಗೋ ಹಾವು ಕಡಿದಿದೆ ಎಂದು ಬುಟ್ಟಿ ಇಳಿಸಿದಳು.

"ನೂಲು ಹಿಡದಂಗ ಐತಿ," ಎಂದರು ಕಾಕಾ ಎದ್ದು, ಬಟ್ಟೆ ಕೊಡವುತ್ತ. ಆಮೇಲೆ ಒಮ್ಮೆಗೇ ಅವರಿಗೆ ತಾವು ಯಾರ ಕಡೆಯವರು ಎಂಬುದು ನೆನಪಾಯಿತು. ಚೀಲ ಎತ್ತಿಕೊಂಡು ಟಾಂಗಾ ಹತ್ತಿದರು. "ಪಂಚರು ನೋಡ್ರಿ. ನಾ ಹೊಂಟೆ," ಎಂದು ಚಾವಟಿ ಬೀಸಿದರು. ನಮ್ಮ ನಟ್ಟು ಇನ್ನೂ ಬಿಗಿದಿರಲಿಲ್ಲ.

ಗೆಳೆಯ ನಟ್ಟು ಬಿಗಿದ. ನಾನು ನೂಕಿದೆ, ಹಾರಿ ಹಲಗೆಯ ಮೇಲೆ ಬಿದ್ದೆ. ಎಂಜಿನ್ನು ಹಿಡಿಯಿತು. ಮೊದಲ ನಾಲ್ಕು ಮಾರು ದೂರದಲ್ಲೇ ಗೊತ್ತಾಯಿತು. ಇಷ್ಟು ದಿನ ಗಾಡಿಯಲ್ಲಿ ಒಂದು ನಡುಕವಿತ್ತು, ಹಲ್ಲಿನೊಳಗೆ ಕೇಳುವ ಒಂದು ಕರಕರ. ಅದು ಎಂಜಿನ್ನಿನ ಸ್ವಭಾವವೆಂದು ನಾವು ಗೌರವಿಸಿದ್ದೆವು. ಈಗ ಅದು ಇರಲಿಲ್ಲ. ಪಟ್ಟಾ ಕಾಣುತ್ತಲೇ ಇರಲಿಲ್ಲ, ಬರೀ ಒಂದು ಕಂದು ಗೀರು. ಗೆಳೆಯ ಎಂಜಿನ್ನಿನ ಬಾಯಿ ಇನ್ನಷ್ಟು ಬಿಟ್ಟ. ನಾನು ಬಾಗಿ ಹಿಂದೆ ನೋಡಿದೆ.

"ಒಂದ," ಎಂದು ಕೂಗಿದೆ ಅವನ ಕಿವಿಯಲ್ಲಿ. "ಒಂದ ಗೆರಿ."

ಅವನು ಏನೋ ಕೂಗಿದ, ಗಾಳಿಯಲ್ಲಿ ಕೇಳಿಸಲಿಲ್ಲ. ಹಾಡುತ್ತಿದ್ದನೋ ಏನೋ.

ಟಾಂಗಾ ಬಹಳ ಮುಂದೆ ಹೋಗಿತ್ತು. ಕುದುರೆ ಉಂಡು ದಣಿವಾರಿಸಿಕೊಂಡಿತ್ತು, ಕಾಕಾಗೆ ಅದರ ಒಂದೊಂದು ನರವೂ ಗೊತ್ತಿತ್ತು. ಅಮೀನಗಡ ದಾಟಿದರೂ ಅವರ ಸುಳಿವಿಲ್ಲ. ಪಟ್ಟಾ ಹಾರುತ್ತದೆ ಎಂದು ಪ್ರತಿ ಏರಿನಲ್ಲಿ ನಾನು ಕಾಲು ಎತ್ತಿಕೊಂಡೆ, ಅದು ಹಾರಲಿಲ್ಲ. ಹುನಗುಂದದ ಹತ್ತಿರದ ಉದ್ದನೆಯ ಏರಿನ ತುದಿಯಲ್ಲಿ ಬಿಳಿ ರುಮಾಲು ಕಂಡಿತು. ಗೆಳೆಯ ಮೈಯನ್ನು ಹ್ಯಾಂಡಲಿನ ಮೇಲೆ ಚೆಲ್ಲಿದ. ಎಂಜಿನ್ನು ಏರಿಗೆ ಬುಸುಗುಟ್ಟಿತು, ನಾನು ಕೆಳಗಿಳಿದು ಓಡುತ್ತ ನೂಕಿದೆ, ಮತ್ತೆ ಹಾರಿ ಕೂತೆ. ಟಾಂಗಾದ ಸಮಕ್ಕೆ ಬಂದಾಗ ಕಾಕಾ ನಮ್ಮ ಮುಖ ನೋಡಲಿಲ್ಲ. ಪಕ್ಕಕ್ಕೆ ಬಾಗಿ ಹಿಂದಿನ ಗಾಲಿಯನ್ನೇ ನೋಡುತ್ತಿದ್ದರು. ಲಗಾಮು ಅವರ ಕೈಯಲ್ಲಿ ಸಡಿಲವಾಗಿತ್ತು.

ಹುನಗುಂದದ ಕೋರ್ಟಿಗೆ ಅಂದು ರಜೆ. ಆದರೂ ವಕೀಲರೊಬ್ಬರು ಕಟ್ಟೆಯ ಮೇಲೆ ಕೂತು ಕ್ಷೌರ ಮಾಡಿಸಿಕೊಳ್ಳುತ್ತಿದ್ದರು. ಅರ್ಧ ಮುಖದ ಸೋಪಿನೊಂದಿಗೆ ಎದ್ದು ನಿಂತು ನಮಗೆ ದಾರಿ ಬಿಟ್ಟರು. ಅಲ್ಲಿಂದ ಇಳಕಲ್ಲಿಗೆ ನಾವು ಹೋದದ್ದು ನನಗೆ ಸರಿಯಾಗಿ ನೆನಪಿಲ್ಲ, ನಕ್ಕಿದ್ದು ನೆನಪಿದೆ. ನೇಕಾರರ ಓಣಿಯೊಳಗೆ ಹೊಕ್ಕಾಗ ಎರಡೂ ಸಾಲಿನ ಮನೆಗಳಲ್ಲಿ ಮಗ್ಗಗಳ ಲಟಕ್ ಪಟಕ್ ಒಂದೊಂದಾಗಿ ನಿಂತಿತು, ನಮ್ಮ ಸಪ್ಪಳವೊಂದೇ ಉಳಿಯಿತು. ಗೆಳೆಯನ ಅಕ್ಕ ಬಾಗಿಲಿಗೆ ಬಂದಳು.

"ಯಾ ಅಲ್ಲಾ. ಇದೇನೋ ಇದು? ಅಬ್ಬಾ ಎಲ್ಲಿ?"

"ಹಿಂದ ಬರಾಕತ್ತಾರ," ಎಂದ ಗೆಳೆಯ, ಗಾಡಿಯನ್ನು ಅವಳ ಹೊಸ್ತಿಲಿಗೆ ತಾಗಿಸಿ ನಿಲ್ಲಿಸಿ. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಕಾಕಾ ಬಂದಾಗ ಅರ್ಧ ಇಳಕಲ್ಲು ಅಲ್ಲಿತ್ತು. ಮಗಳು ನೀರು ಕೊಟ್ಟಳು. ನಿಧಾನವಾಗಿ ಕುಡಿದರು. ಪಂಚನಾದ ನಾನು ಗಂಟಲು ಸರಿ ಮಾಡಿಕೊಂಡು, ಈ ದಿನದ ಪಂದ್ಯದಲ್ಲಿ, ಎಂದು ಶುರು ಮಾಡುವಷ್ಟರಲ್ಲಿ ಅವರು ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದರು.

"ಪಟ್ಟಾ ಹಾರಿತೇನು?" ಮಗನನ್ನು ಕೇಳಿದರು.

"ಇಲ್ರಿ ಅಬ್ಬಾ. ಒಮ್ಮೀನೂ ಇಲ್ಲ."

"ಹುಂ." ಮಗಳ ಕಡೆ ತಿರುಗಿದರು. "ನಿನ್ನ ತಮ್ಮಗ ಛಪ್ಪರದಾಗ ಅರ್ಧಾ ಕೊಟ್ಟೇನಿ ನೋಡವ್ವಾ. ನಡುವ ಒಂದು ಗ್ವಾಡಿ ಕಟ್ಟಿಸ್ತೇನಿ. ಆ ಫಟ್ ಫಟ್ ನನ್ನ ಕಿವಿಗೆ ಬೀಳಬಾರದು."

ಗೆಳೆಯ ಎದ್ದು ಅವರ ಕಾಲು ಮುಟ್ಟಲು ಬಾಗಿದ. ಅಲ್ಲಿ ಕಾಲುಗಳಿರಲಿಲ್ಲ. ಕಾಕಾ ಆಗಲೇ ಫಟಫಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ರುಮಾಲನ್ನು ಹಿಂದಕ್ಕೆ ಸರಿಸಿ, ಎಂಜಿನ್ನಿನ ಮೇಲೆ ಬಾಗಿದ್ದರು.

"ಇದರ ಒಳಗ ಏನೈತಿ, ಬಿಚ್ಚು. ನೋಡ್ತೇನಿ."

"ಅಬ್ಬಾ, ಬಿಸಿ ಐತಿ," ಎಂದ ಗೆಳೆಯ.

ಅಷ್ಟರಲ್ಲಿ ಅವರು ಬೆರಳು ಇಟ್ಟಾಗಿತ್ತು. ಇಳಕಲ್ಲಿನ ಜನ ಅಂದು ಉಸ್ತಾದರ ಉರ್ದುವನ್ನು ಮೊದಲ ಸಲ ಕೇಳಿದರು.